ಹೆಸರಿಗೆ ಹೆಸರು ತಾಗಿದಾಗ: ಡೊಮೇನ್ ತಕರಾರಿನ ಬಗ್ಗೆ ಮನೆಯ ಮಕ್ಕಳಿಗೆ ಕಿವಿಮಾತು

ನಮ್ಮ ಮನೆಯ ಮಕ್ಕಳಲ್ಲಿ ಬಹುಪಾಲು ಮಂದಿ ಈಗ ಸ್ವಂತ ವ್ಯಾಪಾರ ಹೂಡಿದ್ದೀರಿ. ಒಬ್ಬಳು ಚಟ್ನಿಪುಡಿ, ಸಾರಿನಪುಡಿ ಮಾಡಿ ಕೊರಿಯರ್‌ನಲ್ಲಿ ಕಳಿಸುತ್ತಾಳೆ. ಒಬ್ಬ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತಾನೆ. ಇನ್ನೊಬ್ಬಳು ಇಳಕಲ್ ಸೀರೆ ಮಾರುತ್ತಾಳೆ. ಎಲ್ಲರಿಗೂ ಒಂದೊಂದು ವೆಬ್‌ಸೈಟ್ ಇದೆ. ಬರೀ ಅಂಗಡಿ ಬೋರ್ಡು ಇದ್ದ ಕಾಲದಲ್ಲಿ ದಾವಣಗೆರೆಯಲ್ಲೊಂದು, ಧಾರವಾಡದಲ್ಲೊಂದು ಒಂದೇ ಹೆಸರಿನ ಅಂಗಡಿ ಇದ್ದರೂ ಸಾಮಾನ್ಯವಾಗಿ ಯಾರಿಗೂ ತೊಂದರೆ ಆಗುತ್ತಿರಲಿಲ್ಲ. ಇಂಟರ್‌ನೆಟ್ಟಿನಲ್ಲಿ ಒಂದು ವಿಳಾಸಕ್ಕೆ ಒಬ್ಬನೇ ಯಜಮಾನ. ಒಂದಕ್ಷರ ಆಚೀಚೆ ಆದರೆ ಇನ್ನೊಬ್ಬ ಯಜಮಾನ. ತಕರಾರು ಹುಟ್ಟುವುದೇ ಅಲ್ಲಿ.

ಟ್ರೇಡ್‌ಮಾರ್ಕ್ ವಕೀಲನಾಗಿ ನಾನು ಹೆಸರು ಕಳೆದುಕೊಂಡವರ ಪರವಾಗಿಯೂ ನಿಂತಿದ್ದೇನೆ, ಹೆಸರು ಕದ್ದ ಆಪಾದನೆ ಹೊತ್ತವರ ಪರವಾಗಿಯೂ ನಿಂತಿದ್ದೇನೆ. ಎರಡೂ ಕಡೆ ಕೊನೆಗೆ ತೂಗಿ ನೋಡುವ ಪ್ರಶ್ನೆ ಒಂದೇ: ಆ ಹೆಸರನ್ನು ಹಿಡಿದಾಗ ಅವನ ಮನಸ್ಸಿನಲ್ಲಿ ಏನಿತ್ತು? ಮನಸ್ಸನ್ನು ಯಾರೂ ಬಗೆದು ನೋಡಲಾರರು. ತಾರೀಖು, ಬಿಲ್ಲು, ಈಮೇಲ್, ಹಳೆಯ ಪುಟಗಳ ಪ್ರತಿ, ಇವುಗಳಿಂದ ಮನಸ್ಸನ್ನು ಓದುತ್ತಾರೆ. ಮುಂದೆ ಹೇಳುವುದನ್ನೆಲ್ಲ ಈ ಮಾತು ಜ್ಞಾಪಕದಲ್ಲಿಟ್ಟುಕೊಂಡೇ ಓದಿ.

• ಹೆಸರು ಇಡುವ ಮೊದಲೇ ಹುಡುಕಿ. ಭಾರತದ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಪುಕ್ಕಟೆಯಾಗಿ ಹುಡುಕಬಹುದು. ಸ್ಪೆಲ್ಲಿಂಗ್ ಪ್ರಕಾರ ಮಾತ್ರ ಹುಡುಕಿ ಬಿಡಬೇಡಿ, ಉಚ್ಚಾರಣೆ ಪ್ರಕಾರವೂ ಹುಡುಕಿ. ಕಿವಿಗೆ ಒಂದೇ ಥರ ಕೇಳಿಸುವ ಹೆಸರೂ ಕಾನೂನಿನ ಕಣ್ಣಿಗೆ ಒಂದೇ ಥರ ಕಾಣುತ್ತದೆ. ಆಮೇಲೆ ಡಾಟ್ ಕಾಮ್, ಡಾಟ್ ಇನ್ ಎರಡರಲ್ಲೂ ಆ ಹೆಸರು ಯಾರ ಹತ್ತಿರ ಇದೆ ನೋಡಿ. ಅರ್ಧ ಗಂಟೆಯ ಕೆಲಸ. ಹುಡುಕಿದ ದಿನದ ಪುಟಗಳನ್ನು ಉಳಿಸಿಟ್ಟುಕೊಳ್ಳಿ. ನಾಳೆ ಯಾರಾದರೂ ನಿಮ್ಮನ್ನು ಕಳ್ಳರೆಂದರೆ, ನೀವು ನೋಡಿಯೇ ಮುಂದುವರಿದಿರಿ ಎಂಬುದಕ್ಕೆ ಅದು ಸಾಕ್ಷಿ.

• ಸಾಧ್ಯವಾದರೆ ನಿಘಂಟಿನಲ್ಲಿ ಇಲ್ಲದ ಹೆಸರು ಕಟ್ಟಿ. ‘ಉಡುಪಿ’, ‘ತಾಜಾ’, ‘ಮನೆ ಊಟ’ ಇಂಥ ಪದಗಳನ್ನು ಡೊಮೇನ್ ಮಾಡಿಕೊಳ್ಳುವುದು ಸುಲಭ, ಕಾಪಾಡಿಕೊಳ್ಳುವುದು ಬಲು ಕಷ್ಟ. ಊರಿನ ಹೆಸರು, ಸರಕಿನ ಹೆಸರು ಎಲ್ಲರ ಸ್ವತ್ತು. ಅಂಥ ಹೆಸರಿಗೆ ರಕ್ಷಣೆ ಸಿಗುವುದೇ ಇಲ್ಲ ಎಂದಲ್ಲ. 2002ರಲ್ಲಿ ನೌಕ್ರಿ ಡಾಟ್ ಕಾಮ್‌ನವರು ‘ನೌಕರಿ’ ಎಂದು ಒಂದು ‘ಎ’ ಸೇರಿಸಿ ವಿಳಾಸ ಮಾಡಿಕೊಂಡವರ ವಿರುದ್ಧ ದೆಹಲಿ ಹೈಕೋರ್ಟಿನಿಂದ ತಡೆಯಾಜ್ಞೆ ತಂದರು. ಆದರೆ ಹಾಗೆ ಗೆಲ್ಲಬೇಕಾದರೆ ಆ ಸಾಮಾನ್ಯ ಪದ ಜನರ ಬಾಯಲ್ಲಿ ನಿಮ್ಮ ವ್ಯಾಪಾರದ ಗುರುತೇ ಆಗಿಬಿಟ್ಟಿದೆ ಎಂದು ಜಾಹೀರಾತಿನ ಖರ್ಚು, ಗಿರಾಕಿಗಳ ಲೆಕ್ಕ, ಪತ್ರಿಕೆಯ ಸುದ್ದಿ ಎಲ್ಲ ಹಾಜರುಪಡಿಸಿ ತೋರಿಸಬೇಕು. ಸಣ್ಣ ವ್ಯಾಪಾರದವರ ಹತ್ತಿರ ಅಷ್ಟೆಲ್ಲ ಇರುವುದಿಲ್ಲ.

• ಇಳಕಲ್ ಸೀರೆಯವಳಿಗೆ ಒಂದು ಮಾತು. ಇಳಕಲ್ ಸೀರೆಗೆ ಜಿಐ ಟ್ಯಾಗ್ ಇದೆ, ಸರಿ. ಆದರೆ ಡಾಟ್ ಕಾಮ್‌ನಂಥ ವಿಳಾಸಗಳ ತಕರಾರನ್ನು ಕೋರ್ಟಿನ ಹೊರಗೆ ತೀರಿಸುವ ಪಂಚಾಯ್ತಿ (ಅದರ ವಿವರ ಮುಂದೆ ಬರುತ್ತದೆ) ಕೇಳುವುದು ಟ್ರೇಡ್‌ಮಾರ್ಕನ್ನು. ಫ್ರಾನ್ಸಿನ ಷಾಂಪೇನ್ ತಯಾರಕರ ದೊಡ್ಡ ಒಕ್ಕೂಟವೇ 2011ರಲ್ಲಿ ‘ಷಾಂಪೇನ್ ಡಾಟ್ ಸಿಒ’ ಎಂಬ ವಿಳಾಸ ಕೇಳಿ ಸೋತಿತು, ಭೌಗೋಳಿಕ ಹೆಸರಿನ ಹಕ್ಕು ಅಲ್ಲಿ ಸಾಲಲಿಲ್ಲ. ‘ಇಳಕಲ್’ ಪದದ ಜೊತೆಗೆ ನಿನ್ನದೇ ಒಂದು ಹೆಸರು ಸೇರಿಸಿ ಅದನ್ನು ಟ್ರೇಡ್‌ಮಾರ್ಕ್ ಮಾಡಿಸು.

• ಡೊಮೇನ್ ಕೊಂಡ ಮಾತ್ರಕ್ಕೆ ಹೆಸರು ನಿಮ್ಮದಾಗುವುದಿಲ್ಲ. ರಿಜಿಸ್ಟ್ರಾರ್ ಕಂಪನಿ ದುಡ್ಡು ತೆಗೆದುಕೊಂಡು, ಮೊದಲು ಕೇಳಿದವರಿಗೆ ಕೊಡುತ್ತದೆ. ಅದು ಇನ್ನೊಬ್ಬರ ಟ್ರೇಡ್‌ಮಾರ್ಕೋ ಅಲ್ಲವೋ ಎಂದು ಸಾಮಾನ್ಯವಾಗಿ ಪರೀಕ್ಷೆ ಮಾಡುವುದಿಲ್ಲ. ಆ ಹೊಣೆಯನ್ನು ಒಪ್ಪಂದದಲ್ಲಿ ನಿಮ್ಮ ತಲೆಗೇ ಕಟ್ಟಿರುತ್ತದೆ. ನೀವು ಓದದೆ ‘ಒಪ್ಪಿದ್ದೇನೆ’ ಎಂದು ಒತ್ತಿದ ಆ ಕರಾರಿನಲ್ಲೇ ತಕರಾರು ಬಂದರೆ ಪಂಚಾಯ್ತಿಗೆ ಬದ್ಧ ಎಂಬ ಷರತ್ತೂ ಇದೆ. ಆದ್ದರಿಂದ ಡೊಮೇನ್ ಜೊತೆಯಲ್ಲೇ ಟ್ರೇಡ್‌ಮಾರ್ಕ್ ಅರ್ಜಿಯನ್ನೂ ಹಾಕಿ. ಒಬ್ಬ ವ್ಯಕ್ತಿ, ಸ್ಟಾರ್ಟ್‌ಅಪ್ ಅಥವಾ ಸಣ್ಣ ಉದ್ದಿಮೆಗೆ ಆನ್‌ಲೈನ್ ಅರ್ಜಿ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ನೋಂದಣಿಯಾದರೆ 10 ವರ್ಷದ ಬಾಳಿಕೆ, ಮತ್ತೆ ಮತ್ತೆ ನವೀಕರಿಸಬಹುದು. ನೋಂದಣಿ ಆಗಿಲ್ಲವೆಂದು ಕೈಚೆಲ್ಲಬೇಕಿಲ್ಲ: ನಮ್ಮ ಕಾನೂನು ಮೊದಲು ಬಳಸಿದವನ ಹಕ್ಕನ್ನೂ ಮನ್ನಿಸುತ್ತದೆ. ಆದರೆ ಮೊದಲು ಬಳಸಿದ್ದನ್ನು ರುಜುವಾತು ಮಾಡುವುದಕ್ಕೆ ಹಳೆಯ ಬಿಲ್ಲು, ಪ್ಯಾಕೆಟ್ಟು, ಕರಪತ್ರ ಬೇಕು. ಮೊದಲ ವರ್ಷದ ಬಿಲ್ ಬುಕ್ಕನ್ನು ರದ್ದಿಗೆ ಹಾಕಬೇಡಿ.

• ನಮ್ಮ ಬೆಂಗಳೂರಿನ ಮೊಕದ್ದಮೆಯೊಂದು ದೇಶಕ್ಕೇ ದಾರಿ ಹಾಕಿಕೊಟ್ಟಿದೆ, ಅದನ್ನು ನೀವು ತಿಳಿದಿರಲೇಬೇಕು. ಸತ್ಯಂ ಇನ್ಫೋವೇ ಕಂಪನಿ 1999ರಲ್ಲಿ ‘ಸಿಫಿ’ ಎಂಬ ಪದ ಕಟ್ಟಿ ಸಿಫಿನೆಟ್, ಸಿಫಿಮಾಲ್ ಮೊದಲಾದ ಡಾಟ್ ಕಾಮ್ ವಿಳಾಸಗಳನ್ನು ಮಾಡಿಕೊಂಡಿತ್ತು. 2001ರಲ್ಲಿ ಸಿಫಿನೆಟ್ ಸೊಲ್ಯೂಷನ್ಸ್ ಎಂಬ ಇನ್ನೊಂದು ಕಂಪನಿ ಒಂದು ‘ಎಫ್’ ಹೆಚ್ಚಿಗೆ ಹಾಕಿ ಅದೇ ಉಚ್ಚಾರಣೆಯ ವಿಳಾಸ ಹಿಡಿದು ಇಂಟರ್‌ನೆಟ್ ಮಾರುಕಟ್ಟೆ ವ್ಯವಹಾರ ತೆರೆಯಿತು. ದಾವೆ ಬಿದ್ದದ್ದು ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ. ಅಲ್ಲಿ ಸತ್ಯಂಗೆ ತಡೆಯಾಜ್ಞೆ ಸಿಕ್ಕಿತು. ಹೈಕೋರ್ಟು, ಇಬ್ಬರ ವ್ಯಾಪಾರ ಬೇರೆ, ತಡೆದರೆ ಹೊಸಬರಿಗೇ ಹೆಚ್ಚು ನಷ್ಟ ಎಂದು ಅದನ್ನು ತೆರವು ಮಾಡಿತು. ಸತ್ಯಂ ಸುಪ್ರೀಂ ಕೋರ್ಟಿಗೆ ಹೋಯಿತು.

ಎದುರು ಪಕ್ಷದವರ ವಿವರಣೆ ಏನಿತ್ತು ಗೊತ್ತೇ? ಕಂಪನಿ ಕಟ್ಟಿದ ಐವರ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿದೆವು, ಈ ಪದ ತಾನಾಗಿ ಬಂತು ಎಂದು. ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. 2004ರ ಮೇ 6ರಂದು ನ್ಯಾಯಮೂರ್ತಿ ರೂಮಾ ಪಾಲ್ ಬರೆದ ತೀರ್ಪು ಎರಡು ಸಂಗತಿಯನ್ನು ಗಟ್ಟಿಯಾಗಿ ಹೇಳಿತು. ಡೊಮೇನ್ ಹೆಸರು ಬರೀ ವಿಳಾಸವಾಗಿ ಉಳಿದಿಲ್ಲ, ವ್ಯಾಪಾರದ ಗುರುತಾಗಿದೆ, ಟ್ರೇಡ್‌ಮಾರ್ಕಿಗಿರುವ ರಕ್ಷಣೆ ಅದಕ್ಕೂ ಸಲ್ಲುತ್ತದೆ. ಡೊಮೇನ್‌ಗೆಂದೇ ಪ್ರತ್ಯೇಕ ಕಾನೂನು ನಮ್ಮಲ್ಲಿ ಇಲ್ಲದಿದ್ದರೂ, ಇನ್ನೊಬ್ಬರ ಸರಕೆಂದು ನಂಬಿಸಿ ಮಾರುವುದನ್ನು ತಡೆಯುವ ಹಳೆಯ ತತ್ತ್ವದಡಿ, ಅಂದರೆ ಪಾಸಿಂಗ್ ಆಫ್ ದಾವೆಯಲ್ಲಿ, ಪರಿಹಾರ ಕೇಳಬಹುದು. ಸಿಟಿ ಸಿವಿಲ್ ಕೋರ್ಟಿನ ತಡೆಯಾಜ್ಞೆ ಮತ್ತೆ ಜಾರಿಗೆ ಬಂತು. ಇಪ್ಪತ್ತು ವರ್ಷ ದಾಟಿದರೂ ಈ ದೇಶದ ಡೊಮೇನ್ ಮೊಕದ್ದಮೆಗಳಲ್ಲಿ ವಕೀಲರು ಮೊದಲು ತೆಗೆಯುವ ತೀರ್ಪು ಇದೇ. ನೀವು ಹೆಸರು ಕಟ್ಟುವಾಗ ಅದು ಹೇಗೆ ಹುಟ್ಟಿತೆಂದು ಒಂದು ಈಮೇಲ್ ಬರೆದು ಪಾಲುದಾರರಿಗೆ ಕಳಿಸಿಡಿ. ಹುಟ್ಟಿದ ದಿನವೇ ಬರೆದ ಕಥೆಗೆ ಇರುವ ಬೆಲೆ, ಕೋರ್ಟಿನ ಮೆಟ್ಟಿಲಲ್ಲಿ ಹೇಳಿದ ಕಥೆಗೆ ಇರುವುದಿಲ್ಲ.

• ‘ನಮಗೂ ಆ ಕಂಪನಿಗೂ ಸಂಬಂಧವಿಲ್ಲ’ ಎಂದು ಪುಟದ ಕೆಳಗೆ ಒಂದು ಸಾಲು ಹಾಕಿದರೆ ಪಾರಾಗುತ್ತೇವೆಂದು ತಿಳಿಯಬೇಡಿ. ಈ ವಿಚಾರದಲ್ಲಿ ಭಾರತದ ಮೊದಲ ಪ್ರಕರಣ ಯಾಹೂ ಕಂಪನಿಯದು, 1999ರಲ್ಲಿ ದೆಹಲಿ ಹೈಕೋರ್ಟಿನಲ್ಲಿ. ‘ಯಾಹೂಇಂಡಿಯಾ’ ಎಂಬ ವಿಳಾಸದವರು ಇದೇ ಸಮಜಾಯಿಷಿ ಕೊಟ್ಟರು. ಇಂಟರ್‌ನೆಟ್ ಗಿರಾಕಿ ಅಷ್ಟು ಗಮನವಿಟ್ಟು ಓದುವವನಲ್ಲ, ಗೊಂದಲ ಹೋಗುವುದಿಲ್ಲ ಎಂದು ಕೋರ್ಟು ತಡೆಯಾಜ್ಞೆ ಕೊಟ್ಟಿತು. ಅದೇ ವರ್ಷ ಬಾಂಬೆ ಹೈಕೋರ್ಟಿನಲ್ಲಿ ರೆಡಿಫ್‌ನವರು ‘ರಾಡಿಫ್’ ಎಂಬ ವಿಳಾಸದ ಮೇಲೆ ಗೆದ್ದರು. ಸಿಫಿ ಪ್ರಕರಣದಂತೆ ಅಲ್ಲೂ ವ್ಯತ್ಯಾಸ ಒಂದೇ ಅಕ್ಷರದ್ದು.

• ನಿಮ್ಮ ಹೆಸರನ್ನೇ ಹೋಲುವ ವಿಳಾಸ ಕಣ್ಣಿಗೆ ಬಿತ್ತೆನ್ನಿ. ಸಿಟ್ಟು ಬರುವುದು ಸಹಜ. ಆದರೆ ಆ ಸಿಟ್ಟಿನಲ್ಲಿ ಅವನಿಗೆ ವಾಟ್ಸ್‌ಆ್ಯಪ್ ಮಾಡಬೇಡಿ, ಫೇಸ್‌ಬುಕ್ಕಿನಲ್ಲಿ ಬೈಯಬೇಡಿ. ನೀವು ಬೈದ ಕೂಡಲೇ ಅವನು ಪುಟ ಬದಲಾಯಿಸುತ್ತಾನೆ, ಸಾಕ್ಷಿ ಹೋಗುತ್ತದೆ. ಮೊದಲು ಬಾಯಿ ಮುಚ್ಚಿಕೊಂಡು ದಾಖಲೆ ಮಾಡಿ: ಪ್ರತಿ ಪುಟದ ಸ್ಕ್ರೀನ್‌ಶಾಟ್, ವಿಳಾಸದ ಸಾಲು ಮತ್ತು ತಾರೀಖು ಕಾಣುವಂತೆ, ಡೊಮೇನ್ ಯಾವತ್ತು ನೋಂದಣಿಯಾಯಿತು, ಯಾವ ರಿಜಿಸ್ಟ್ರಾರ್ ಎಂಬ ವಿವರ, ಇಂಟರ್‌ನೆಟ್ ಆರ್ಕೈವ್‌ನಲ್ಲಿ ಆ ವಿಳಾಸದ ಹಳೆಯ ಪುಟಗಳು, ನಿಮ್ಮ ಗಿರಾಕಿ ಯಾರಾದರೂ ತಪ್ಪಿ ಅಲ್ಲಿಗೆ ಹೋಗಿದ್ದರೆ ಅವರ ಈಮೇಲ್. ಕೊನೆಯದು ಎಲ್ಲಕ್ಕಿಂತ ಗಟ್ಟಿ. ಗೊಂದಲ ಆಗಬಹುದು ಎಂದು ವಾದಿಸುವುದಕ್ಕಿಂತ ಗೊಂದಲ ಆಯಿತು ಎಂದು ತೋರಿಸುವುದು ಮೇಲು.

ಕೋರ್ಟಿಗೆ ಹೋಗುವ ಪ್ರಸಂಗ ಬಂದರೆ ಈ ಸ್ಕ್ರೀನ್‌ಶಾಟ್‌ಗಳ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಹಳೆಯ ಕಾನೂನಿನಲ್ಲಿ ನಾವು 65ಬಿ ಎನ್ನುತ್ತಿದ್ದೆವು. 2024ರ ಜುಲೈ 1ರಿಂದ ಹೊಸದು. ಯಾವ ಫೋನಿನಲ್ಲಿ, ಯಾವ ಕಂಪ್ಯೂಟರಿನಲ್ಲಿ, ಯಾರು ತೆಗೆದರು ಎಂದು ಆಗಲೇ ಬರೆದಿಟ್ಟುಕೊಳ್ಳಿ.

• ಆಮೇಲೆ ಎದುರಿನವನು ಯಾವ ಬಗೆಯವನೆಂದು ವಿಂಗಡಿಸಿ. ಕೆಲವರು ನಿಮ್ಮನ್ನು ಕಂಡೇ ಇರುವುದಿಲ್ಲ. ಬೇರೆ ಊರಿನಲ್ಲಿ, ಬೇರೆ ಸರಕಿಗೆ ಅದೇ ಹೆಸರು ಇಟ್ಟಿರುತ್ತಾರೆ. ಅಂಥವರಿಗೆ ಒಂದು ಮರ್ಯಾದೆಯ ಪತ್ರ ಬರೆದು ಮಾತಾಡಿ, ಎಷ್ಟೋ ಸಲ ಇಬ್ಬರೂ ಹೆಸರಿಗೊಂದು ಊರೋ ಸರಕೋ ಸೇರಿಸಿಕೊಂಡು ನೆಮ್ಮದಿಯಾಗಿ ಇರಬಹುದು. ಕೆಲವರು ನಿಮಗೇ ಮಾರಲು ಹಿಡಿದವರು. ಇವರಿಗೆ ಪಂಚಾಯ್ತಿಯೇ ದಾರಿ.

ಮೂರನೆಯವರು ವಂಚಕರು. ನಿಮ್ಮ ಹೆಸರಿನಲ್ಲಿ ಡೀಲರ್‌ಶಿಪ್ ಕೊಡುತ್ತೇವೆ, ಕೆಲಸ ಕೊಡುತ್ತೇವೆ ಎಂದು ಜನರಿಂದ ಮುಂಗಡ ಹಣ ಕೀಳುವವರು. ಅಮುಲ್, ಡಾಬರ್‌ನಂಥ ಕಂಪನಿಗಳೇ ಇಂಥ ನಕಲಿ ವಿಳಾಸಗಳ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಗಬೇಕಾಯಿತು. ಇಲ್ಲಿ ನಿಮ್ಮ ಹೆಸರಿಗಿಂತ ದೊಡ್ಡದು ಬಡವರ ದುಡ್ಡು. ಪಂಚಾಯ್ತಿಯ ತೀರ್ಪಿಗೆ ಎರಡು ತಿಂಗಳು ಕಾಯುತ್ತಾ ಕೂರಬೇಡಿ. ಅಂದೇ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ಕೊಡಿ, ಮೋಸಹೋದವರಿಗೆ ಕೂಡಲೇ 1930ಕ್ಕೆ ಫೋನ್ ಮಾಡಲು ಹೇಳಿ, ರಿಜಿಸ್ಟ್ರಾರ್‌ನ ದುರ್ಬಳಕೆ ದೂರು ವಿಭಾಗಕ್ಕೆ ಬರೆಯಿರಿ, ನಿಮ್ಮ ಅಸಲಿ ವಿಳಾಸ ಯಾವುದೆಂದು ಗಿರಾಕಿಗಳಿಗೆ ಸಾರಿ ಹೇಳಿ. ಬ್ಯಾಂಕುಗಳ ಹೆಸರಿನಲ್ಲಿ ಇಂಥ ನಕಲಿ ವಿಳಾಸಗಳು ಹೆಚ್ಚಾದ್ದರಿಂದಲೇ ರಿಸರ್ವ್ ಬ್ಯಾಂಕು 2025ರಲ್ಲಿ ದೇಶದ ಬ್ಯಾಂಕುಗಳೆಲ್ಲ ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬರಬೇಕೆಂದು ಹೇಳಿತು. ಮನೆಯ ಹಿರಿಯರಿಗೂ ಇದನ್ನು ತಿಳಿಸಿ.

• ಯಾವ ಬಾಗಿಲು ತಟ್ಟಬೇಕೆಂಬುದು ವಿಳಾಸದ ಬಾಲದ ಮೇಲೆ ನಿಂತಿದೆ.

ಡಾಟ್ ಕಾಮ್, ಡಾಟ್ ನೆಟ್, ಡಾಟ್ ಆರ್ಗ್‌ನಂಥವಕ್ಕೆ ಡೊಮೇನ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ 1999ರಲ್ಲಿ ಮಾಡಿದ ಯುಡಿಆರ್‌ಪಿ ನಿಯಮ. ಇದನ್ನು ನಡೆಸುವ ಕೇಂದ್ರಗಳಲ್ಲಿ ಜಿನೀವಾದ ವೈಪೊ, ಅಂದರೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ, ಮುಖ್ಯ. ಬರೀ 2023ರಲ್ಲೇ ಅಲ್ಲಿಗೆ 6,000ಕ್ಕೂ ಹೆಚ್ಚು ದೂರುಗಳು ಬಂದವು. ಜಿನೀವಾಕ್ಕೆ ಹೋಗಬೇಕಿಲ್ಲ, ಎಲ್ಲ ಈಮೇಲಿನಲ್ಲೇ ಮುಗಿಯುತ್ತದೆ. ಒಂದರಿಂದ ಐದು ಡೊಮೇನ್‌ಗೆ, ಒಬ್ಬ ಪಂಚ ಸಾಕೆಂದರೆ ಶುಲ್ಕ 1,500 ಡಾಲರ್. ಮೂವರು ಬೇಕೆಂದರೆ 4,000. ನೀವು ಮೂರನ್ನು ಸಾಬೀತು ಮಾಡಬೇಕು: ವಿಳಾಸ ನಿಮ್ಮ ಗುರುತಿಗೆ ಗೊಂದಲ ಆಗುವಷ್ಟು ಹತ್ತಿರವಿದೆ, ಅವನಿಗೆ ಆ ಹೆಸರಿನಲ್ಲಿ ಹಕ್ಕಾಗಲಿ ನ್ಯಾಯವಾದ ಹಿತವಾಗಲಿ ಇಲ್ಲ, ಅವನು ದುರುದ್ದೇಶದಿಂದ ನೋಂದಾಯಿಸಿದ್ದಾನೆ ಮತ್ತು ದುರುದ್ದೇಶದಿಂದಲೇ ಬಳಸುತ್ತಿದ್ದಾನೆ. ಮೂರರಲ್ಲಿ ಒಂದು ತಪ್ಪಿದರೂ ದೂರು ಬಿದ್ದುಹೋಗುತ್ತದೆ.

ಡಾಟ್ ಇನ್ ಮತ್ತು ಡಾಟ್ ಭಾರತ ವಿಳಾಸಗಳಿಗೆ ನಮ್ಮದೇ ನಿಕ್ಸಿ ಸಂಸ್ಥೆಯ ಇನ್‌ಡಿಆರ್‌ಪಿ ನಿಯಮ, 2005ರಿಂದ ಇದೆ. ಇಲ್ಲಿ ನಿಕ್ಸಿ ಒಬ್ಬ ಮಧ್ಯಸ್ಥಗಾರರನ್ನು ನೇಮಿಸುತ್ತದೆ, ವ್ಯವಹಾರ ಇಂಗ್ಲಿಷಿನಲ್ಲಿ ನಡೆಯುತ್ತದೆ, ಕೊಡುವ ಆದೇಶಕ್ಕೆ 1996ರ ಮಧ್ಯಸ್ಥಿಕೆ ಕಾಯಿದೆಯ ಬಲವಿದೆ. 60 ದಿನದಲ್ಲಿ ಆದೇಶ ಬರಬೇಕು, ತಪ್ಪಿದರೆ ಇನ್ನು 30 ದಿನ. ಶುಲ್ಕ ವೈಪೊಗಿಂತ ಕಡಿಮೆ.

ಎರಡು ನಿಯಮದ ನಡುವೆ ಒಂದು ಸಣ್ಣ ಪದದ ಅಂತರವಿದೆ, ಆ ಪದದ ಮೇಲೆ ಮೊಕದ್ದಮೆಗಳೇ ನಿಂತಿವೆ. ಯುಡಿಆರ್‌ಪಿಯಲ್ಲಿ ದುರುದ್ದೇಶ ನೋಂದಣಿಯಲ್ಲೂ ಇರಬೇಕು, ಬಳಕೆಯಲ್ಲೂ ಇರಬೇಕು. ಇನ್‌ಡಿಆರ್‌ಪಿಯಲ್ಲಿ ಎರಡರಲ್ಲಿ ಒಂದಿದ್ದರೂ ಸಾಕು. ಅವನು ಒಳ್ಳೆಯ ಮನಸ್ಸಿನಿಂದ ಡೊಮೇನ್ ಕೊಂಡು, ನೀವು ಹೆಸರುವಾಸಿಯಾದ ಮೇಲೆ ಮನಸ್ಸು ಕೆಡಿಸಿಕೊಂಡರೆ, ಡಾಟ್ ಕಾಮ್‌ನಲ್ಲಿ ನೀವು ಸೋಲುವ ಸಂಭವ ಹೆಚ್ಚು. ಡಾಟ್ ಇನ್‌ನಲ್ಲಿ ಗೆಲ್ಲುವ ದಾರಿ ಇದೆ. ಆದ್ದರಿಂದಲೇ ತಾರೀಖು ನೋಡಿ ಎನ್ನುವುದು. ನಿಮ್ಮ ಟ್ರೇಡ್‌ಮಾರ್ಕ್ ಹುಟ್ಟುವ ಮೊದಲೇ ಅವನ ಡೊಮೇನ್ ಹುಟ್ಟಿದ್ದರೆ ಯುಡಿಆರ್‌ಪಿಗೆ ದುಡ್ಡು ಸುರಿಯುವ ಮುಂಚೆ ಎರಡು ಸಲ ಯೋಚಿಸಿ.

• ಎರಡೂ ಕಡೆ ಸಿಗುವುದು ಡೊಮೇನ್ ಮಾತ್ರ: ಒಂದೋ ರದ್ದು, ಇಲ್ಲವೇ ನಿಮಗೆ ವರ್ಗಾವಣೆ. ಕಳೆದುಕೊಂಡ ವ್ಯಾಪಾರಕ್ಕೆ ಪರಿಹಾರ ಬೇಕೆಂದರೆ ಕೋರ್ಟಿಗೇ ಹೋಗಬೇಕು. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯಿದೆಯಲ್ಲಿ ಡೊಮೇನ್ ಹೆಸರಿನ ತಕರಾರನ್ನೂ ಹೆಸರಿಸಿ ಸೇರಿಸಿದ್ದಾರೆ. ತುರ್ತು ತಡೆಯಾಜ್ಞೆ ಬೇಕಿಲ್ಲವಾದರೆ ಆ ಕಾಯಿದೆಯಡಿ ದಾವೆಗೆ ಮೊದಲು ರಾಜಿ ಮಾತುಕತೆಗೆ (ಮೀಡಿಯೇಷನ್) ಕೂರುವುದು ಕಡ್ಡಾಯ. ಅದನ್ನು ಶಿಕ್ಷೆ ಎಂದು ತಿಳಿಯಬೇಡಿ. ವರ್ಷಗಟ್ಟಲೆ ಎಳೆಯಬಹುದಾಗಿದ್ದ ಜಗಳಗಳು ಆ ಮೇಜಿನಲ್ಲಿ ಮುಗಿದದ್ದನ್ನು ನಾನು ಕಂಡಿದ್ದೇನೆ. ಅಮೆರಿಕದಲ್ಲಿ ಕೂತು ವ್ಯಾಪಾರ ಮಾಡುವ ಮಕ್ಕಳು ಇನ್ನೊಂದು ತಿಳಿದಿರಿ: ಅಲ್ಲಿನ 1999ರ ಕಾನೂನಿನ ಪ್ರಕಾರ ಒಂದೊಂದು ಡೊಮೇನಿಗೂ 1,000ದಿಂದ 1,00,000 ಡಾಲರ್‌ವರೆಗೆ ದಂಡದ ಪರಿಹಾರ ಬೀಳಬಹುದು.

• ವಿಳಾಸವನ್ನು ಸುಮ್ಮನೆ ಹಿಡಿದಿಟ್ಟಿದ್ದಾನೆ, ಪುಟವೇ ಇಲ್ಲ, ಬಳಕೆ ಎಲ್ಲಿ ಬಂತು ಎಂದು ಕೈಬಿಡಬೇಡಿ. ಆಸ್ಟ್ರೇಲಿಯಾದ ಟೆಲ್‌ಸ್ಟ್ರಾ ಕಂಪನಿಯ ಪ್ರಕರಣದಲ್ಲಿ 2000ದಲ್ಲೇ ವೈಪೊ ಪಂಚರು ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಹೆಸರು ತುಂಬ ಪ್ರಸಿದ್ಧವಾಗಿದ್ದು, ಹಿಡಿದವನು ತನ್ನ ಗುರುತು ಮರೆಮಾಚಿ, ನ್ಯಾಯವಾದ ಬಳಕೆಯೊಂದನ್ನೂ ಊಹಿಸಲು ಸಾಧ್ಯವಿಲ್ಲದಿದ್ದರೆ, ಸುಮ್ಮನೆ ಇಟ್ಟುಕೊಳ್ಳುವುದೂ ದುರ್ಬಳಕೆಯೇ.

• ಕೊಂಡುಬಿಡುವುದೂ ಒಂದು ದಾರಿ, ಅದರಲ್ಲಿ ಅವಮಾನವಿಲ್ಲ. ಎದುರಿನವನು ಪಂಚಾಯ್ತಿಯ ಖರ್ಚಿಗಿಂತ ಕಡಿಮೆಗೆ ಬಿಡುತ್ತಾನಾದರೆ ಲೆಕ್ಕ ಹಾಕಿ ನೋಡಿ. ಆದರೆ ದುಡ್ಡನ್ನು ನೇರವಾಗಿ ಅವನ ಖಾತೆಗೆ ಹಾಕಬೇಡಿ. ಡೊಮೇನ್ ನಿಮ್ಮ ಖಾತೆಗೆ ಬಂದ ಮೇಲೆ ಹಣ ಬಿಡುಗಡೆ ಮಾಡುವ ಎಸ್ಕ್ರೋ ಸೇವೆಗಳಿವೆ. ಕೇಳಿದ್ದೆಲ್ಲ ಕೊಟ್ಟು ಹೋಗುವುದನ್ನು ಮಾತ್ರ ನಾನು ಒಪ್ಪಲಾರೆ. ಒಬ್ಬನಿಗೆ ಕೊಟ್ಟಿರೆಂದು ತಿಳಿದರೆ ಮುಂದಿನ ತಿಂಗಳು ಇನ್ನೊಬ್ಬ ಬರುತ್ತಾನೆ.

• ನೀವೇ ಹಿಡಿದು ಮಾರುವ ಯೋಚನೆ ಮಾಡಬೇಡಿ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮಲ್ಲಿ ಕೆಲವರಿಗೆ ಇದು ಜಾಣತನವಾಗಿ ಕಾಣುತ್ತದೆ. ದೆಹಲಿಯ ಒಬ್ಬ ತರುಣ ಆ್ಯಪ್ ಡೆವಲಪರ್ ಎರಡು ದೊಡ್ಡ ಸಂಸ್ಥೆಗಳು ಕೂಡುತ್ತವೆಂದು ಊಹಿಸಿ ‘ಜಿಯೋಹಾಟ್‌ಸ್ಟಾರ್’ ಡಾಟ್ ಕಾಮ್ ಕೊಂಡ. 2024ರ ಅಕ್ಟೋಬರಿನಲ್ಲಿ ಆ ಪುಟದಲ್ಲೇ ಪತ್ರ ಬರೆದು, ಕೇಂಬ್ರಿಡ್ಜಿನಲ್ಲಿ ಓದುವ ಖರ್ಚು ಕೊಟ್ಟರೆ ವಿಳಾಸ ಬಿಟ್ಟುಕೊಡುತ್ತೇನೆ ಎಂದ. ಓದುವ ಆಸೆ ದೊಡ್ಡದು, ನನಗೂ ಮನಸ್ಸು ಕರಗಿತು. ಆದರೆ ಇಂಥ ಕಂಪನಿ ಕೊಳ್ಳಲೆಂದೇ ಕೊಂಡೆ ಎಂದು ಬರೆದುಕೊಟ್ಟರೆ, ದುರುದ್ದೇಶದ ಕಲಮನ್ನು ತಾನೇ ತುಂಬಿಕೊಟ್ಟಂತೆ. ದುಡ್ಡು ಬರಲಿಲ್ಲ, ವಿಳಾಸ ದುಬೈನ ಅಣ್ಣತಂಗಿಯರ ಕೈಗೆ ಹೋಯಿತು, ಅವರು ಪುಕ್ಕಟೆಯಾಗಿ ಕೊಡಲು ಮುಂದಾದರು. 2025ರ ಫೆಬ್ರುವರಿಯಲ್ಲಿ ಆ ಹೆಸರಿನ ಸೇವೆ ಶುರುವಾಯಿತು.

• ಈಗ ಮಗ್ಗುಲು ಬದಲಿಸೋಣ. ದೂರು ನಿಮ್ಮ ಮೇಲೆಯೇ ಬಂದರೆ? ಹೆದರಿ ಡೊಮೇನ್ ಕೊಟ್ಟುಬಿಡಬೇಡಿ. ಸುಮ್ಮನೆಯೂ ಕೂರಬೇಡಿ. ಯುಡಿಆರ್‌ಪಿಯಲ್ಲಿ ಉತ್ತರಕ್ಕೆ 20 ದಿನ, ಕೇಳಿದರೆ ಇನ್ನು 4 ದಿನ ಸಿಗುತ್ತದೆ. ಒಬ್ಬ ಪಂಚರಾದರೆ ಉತ್ತರ ಕೊಡುವವರಿಗೆ ಶುಲ್ಕವಿಲ್ಲ. ಉತ್ತರ ಬರಲಿಲ್ಲವೆಂದು ದೂರುದಾರ ತಾನಾಗಿ ಗೆಲ್ಲುವುದಿಲ್ಲ ನಿಜ. ಆದರೆ ನಿಮ್ಮ ಕಥೆ ಹೇಳುವವರೇ ಇಲ್ಲದಿದ್ದರೆ ಪಂಚರಾದರೂ ಏನು ಮಾಡಿಯಾರು? ಸ್ಪ್ಯಾಮ್ ಫೋಲ್ಡರನ್ನೂ ನೋಡುತ್ತಿರಿ; ಇಂಥ ನೋಟಿಸು ಈಮೇಲಿನಲ್ಲೇ ಬರುತ್ತದೆ.

ಉತ್ತರದಲ್ಲಿ ಬೆಲೆ ಹೇಳಬೇಡಿ. ಕೆನಡಾದ ಹೈಸ್ಕೂಲು ಹುಡುಗನೊಬ್ಬ ತನ್ನ ಹೆಸರಿನ ಕೊನೆಗೆ ‘ಸಾಫ್ಟ್’ ಸೇರಿಸಿ ಡೊಮೇನ್ ಮಾಡಿಕೊಂಡಿದ್ದ. ಓದಿದರೆ ಮೈಕ್ರೋಸಾಫ್ಟ್ ಎಂದೇ ಕೇಳಿಸುತ್ತಿತ್ತು. ಕಂಪನಿ 10 ಡಾಲರ್ ಕೊಡುತ್ತೇನೆಂದಿತು, ಬೇಸರಗೊಂಡ ಹುಡುಗ 10,000 ಕೇಳಿದ. ಆ ಉತ್ತರವನ್ನೇ ಹಿಡಿದು ಕಂಪನಿ ದುರುದ್ದೇಶ ಎಂದಿತು. 2004ರಲ್ಲಿ ಇದು ಪತ್ರಿಕೆಗಳಿಗೆ ಬಂದು, ಜನ ಹುಡುಗನ ಪರ ನಿಂತು, ಕೊನೆಗೆ ರಾಜಿಯಾಯಿತು. ಎಲ್ಲರಿಗೂ ಪತ್ರಿಕೆಯ ಬೆಂಬಲ ಸಿಗುವುದಿಲ್ಲ.

• ನಿಮ್ಮ ಪರವಾಗಿ ಹೇಳಬಹುದಾದ ಮಾತುಗಳು ಹಲವಿವೆ. ಅದು ನಿಮ್ಮ ಸ್ವಂತ ಹೆಸರು ಅಥವಾ ಮನೆತನದ ಹೆಸರು ಎಂಬುದು ಒಂದು. ಅಮೆರಿಕದಲ್ಲಿ ನಿಸ್ಸಾನ್ ಎಂಬ ಮನೆತನದವರೊಬ್ಬರು ತಮ್ಮ ಕಂಪ್ಯೂಟರ್ ವ್ಯಾಪಾರಕ್ಕೆ ಇಟ್ಟುಕೊಂಡಿದ್ದ ನಿಸ್ಸಾನ್ ಡಾಟ್ ಕಾಮ್ ಮೇಲೆ ಕಾರು ಕಂಪನಿ 1999ರಲ್ಲಿ ದಾವೆ ಹೂಡಿತು; ವರ್ಷಗಳ ಹೋರಾಟದ ಬಳಿಕವೂ ವಿಳಾಸ ಅವರಲ್ಲೇ ಉಳಿಯಿತು. ದೂರು ಬರುವ ಮುಂಚೆಯೇ ನೀವು ಪ್ರಾಮಾಣಿಕವಾಗಿ ವ್ಯಾಪಾರ ಶುರುಮಾಡಿದ್ದಿರಿ ಎಂಬುದು ಇನ್ನೊಂದು. ನಿಘಂಟಿನ ಪದವನ್ನು ಅದರ ಸಹಜ ಅರ್ಥದಲ್ಲೇ ಬಳಸಿದಿರಿ ಎಂಬುದು ಮತ್ತೊಂದು.

ಲ್ಯಾಪ್‌ಟಾಪ್ ರಿಪೇರಿಯವನೇ, ಇದು ನಿನಗೆ. ಕಂಪನಿಯ ಹೆಸರು ಸೇರಿಸಿ ‘ಇಂಥ ಲ್ಯಾಪ್‌ಟಾಪ್ ಸರ್ವೀಸ್’ ಎಂದು ಡೊಮೇನ್ ಮಾಡುವ ಆಸೆ ನಿನಗಿದೆ. ಓಕಿ ಪ್ರಿಂಟರ್ ಕಂಪನಿಯ 2001ರ ವೈಪೊ ಪ್ರಕರಣ ಇದಕ್ಕೆ ಅಳತೆಗೋಲು. ನೀನು ನಿಜವಾಗಿ ಆ ಸರಕು ಅಥವಾ ಸೇವೆ ಕೊಡುತ್ತಿರಬೇಕು; ಆ ಪುಟದಲ್ಲಿ ಆ ಕಂಪನಿಯದು ಬಿಟ್ಟು ಬೇರೆಯದು ಇರಬಾರದು; ನಿನಗೂ ಕಂಪನಿಗೂ ಏನು ಸಂಬಂಧ ಎಂದು ಕಣ್ಣಿಗೆ ಬೀಳುವಂತೆ ಬರೆದಿರಬೇಕು; ಕಂಪನಿಗೇ ವಿಳಾಸ ಸಿಗದಂತೆ ಇದ್ದಬದ್ದವನ್ನೆಲ್ಲ ಹಿಡಿದಿರಬಾರದು. ನಾಲ್ಕೂ ಇದ್ದರೆ ನಿಲ್ಲಬಹುದು. ನೀನು ಐದಾರು ಕಂಪನಿಯ ಲ್ಯಾಪ್‌ಟಾಪ್ ರಿಪೇರಿ ಮಾಡುವವನು, ಎರಡನೆಯದರಲ್ಲೇ ಬೀಳುತ್ತೀಯ. ನಿನ್ನ ಸ್ವಂತ ಹೆಸರೇ ಇಡು.

• ದೂರುದಾರನಿಗೆ ತನಗೆ ಹಕ್ಕಿಲ್ಲವೆಂದು ತಿಳಿದಿದ್ದೂ ಸಣ್ಣವರನ್ನು ಬೆದರಿಸಲು ಪಂಚಾಯ್ತಿ ಹೂಡಿದ್ದರೆ, ಹಾಗೆಂದು ತೀರ್ಪಿನಲ್ಲಿ ದಾಖಲಿಸಿ ಎಂದು ನೀವು ಕೇಳಬಹುದು. ರಿವರ್ಸ್ ಡೊಮೇನ್ ಹೈಜಾಕಿಂಗ್ ಎನ್ನುತ್ತಾರೆ. ದುಡ್ಡೇನೂ ಸಿಗುವುದಿಲ್ಲ, ಮರ್ಯಾದೆ ಉಳಿಯುತ್ತದೆ. ಸೋತರೂ ದಾರಿ ಮುಚ್ಚಿಲ್ಲ: ಯುಡಿಆರ್‌ಪಿ ತೀರ್ಪು ಜಾರಿಯಾಗುವ ಮೊದಲು 10 ಕೆಲಸದ ದಿನ ಇರುತ್ತದೆ, ಅಷ್ಟರೊಳಗೆ ಕೋರ್ಟಿನಲ್ಲಿ ದಾವೆ ಹೂಡಿದರೆ ಜಾರಿ ನಿಲ್ಲುತ್ತದೆ.

• ವ್ಯಕ್ತಿಯ ಹೆಸರಿಗೂ ರಕ್ಷಣೆ ಇದೆ. ಅರುಣ್ ಜೇಟ್ಲಿ ಅವರ ಹೆಸರಿನ ಡಾಟ್ ಕಾಮ್ ಬೇರೆಯವರ ಕೈಸೇರಿದಾಗ ದೆಹಲಿ ಹೈಕೋರ್ಟು 2011ರಲ್ಲಿ ಅದನ್ನು ಅವರಿಗೇ ಒಪ್ಪಿಸುವಂತೆ ಮಾಡಿತು. ಸಂಗೀತ, ನಾಟಕ, ಯೋಗ ಎಂದು ಹೆಸರು ಮಾಡುತ್ತಿರುವವರು ನಿಮ್ಮ ಹೆಸರಿನ ಡೊಮೇನನ್ನು ಹೆಸರು ಬರುವ ಮುಂಚೆಯೇ ತೆಗೆದಿಡಿ.

• ಕನ್ನಡ ಲಿಪಿಯಲ್ಲೇ ‘ಡಾಟ್ ಭಾರತ’ ವಿಳಾಸ ಸಿಗುತ್ತದೆ, ಕೊಳ್ಳಿ, ನನಗೆ ಅದರಲ್ಲಿ ಹೆಮ್ಮೆ. ಆದರೆ ಕನ್ನಡದ ಎಷ್ಟೋ ಅಕ್ಷರ ತೆಲುಗಿನದಕ್ಕೆ ತದ್ರೂಪ. ಅನುಸ್ವಾರವೂ ಕನ್ನಡದ ಸೊನ್ನೆಯೂ ಪರದೆಯ ಮೇಲೆ ಒಂದೇ ಥರ ಕಾಣುತ್ತವೆ. ಹೆಸರು ಕೊಳ್ಳುವಾಗ ಇಂಥ ಹೋಲಿಕೆಯ ರೂಪಗಳ ಮೇಲೂ ಕಣ್ಣಿಡಿ.

• ಎಲ್ಲ ಬಾಲಗಳನ್ನೂ, ಎಲ್ಲ ತಪ್ಪು ಸ್ಪೆಲ್ಲಿಂಗುಗಳನ್ನೂ ಕೊಳ್ಳಲು ಹೋಗಬೇಡಿ, ಅದಕ್ಕೆ ಕೊನೆಯಿಲ್ಲ. ಡಾಟ್ ಕಾಮ್, ಡಾಟ್ ಇನ್, ಜನ ಹೆಚ್ಚಾಗಿ ಮಾಡುವ ಒಂದೆರಡು ತಪ್ಪು, ಅಷ್ಟು ಸಾಕು. ನನ್ನ ಹೆಸರಿರುವ ಯಾವ ವಿಳಾಸವನ್ನೂ ಇನ್ನು ಮುಂದೆ ಯಾರಿಗೂ ಕೊಡಬಾರದೆಂದು ಕೋರ್ಟಿನಿಂದ ಹೇಳಿಸುವುದೂ ಆಗದ ಮಾತು. ಸ್ನ್ಯಾಪ್‌ಡೀಲ್ ಅದನ್ನು ಕೇಳಿತ್ತು. 2022ರಲ್ಲಿ ದೆಹಲಿ ಹೈಕೋರ್ಟು, ಇನ್ನೂ ಹುಟ್ಟದ ಡೊಮೇನುಗಳ ಮೇಲೆ ಸಾರಾಸಗಟು ತಡೆ ಕೊಡಲಾಗದು, ಒಂದೊಂದನ್ನೂ ಬೇರೆಯಾಗಿ ನೋಡಬೇಕು ಎಂದಿತು.

• ಕೊನೆಯದು, ನಾನು ಹೆಚ್ಚು ಸಂಕಟ ಪಟ್ಟು ನೋಡಿದ್ದು. ಹೊರಗಿನ ಕಳ್ಳನಿಂದ ಹೆಸರು ಕಳಕೊಂಡವರಿಗಿಂತ, ತಮ್ಮದೇ ಅಜಾಗ್ರತೆಯಿಂದ ಕಳಕೊಂಡು ನನ್ನ ಹತ್ತಿರ ಬಂದವರೇ ಹೆಚ್ಚು. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಡೊಮೇನನ್ನು ತನ್ನ ಹೆಸರಿನಲ್ಲಿ, ತನ್ನ ಈಮೇಲಿನಲ್ಲಿ ತೆಗೆದಿರುತ್ತಾನೆ. ಅವನು ಊರು ಬಿಟ್ಟರೆ, ಜಗಳವಾದರೆ, ದಾಖಲೆಯ ಪ್ರಕಾರ ಯಜಮಾನ ಅವನೇ. ಡೊಮೇನ್ ಎಂದರೆ ಬಾಡಿಗೆ ಮನೆ. ಬಾಡಿಗೆ ಚೀಟಿ ಯಾರ ಹೆಸರಿನಲ್ಲಿದೆಯೋ ಮನೆ ಅವರದು, ಕಟ್ಟುವುದು ನಿಂತರೆ ಖಾಲಿ ಮಾಡಿಸುತ್ತಾರೆ. ಡಾಟ್ ಕಾಮ್ ಅವಧಿ ಮುಗಿದ ಮೇಲೆ ರಿಜಿಸ್ಟ್ರಾರ್‌ನ ನಿಯಮಕ್ಕೆ ತಕ್ಕಂತೆ ಹೆಚ್ಚೆಂದರೆ 45 ದಿನ ಮಾಮೂಲಿ ದರದಲ್ಲಿ ನವೀಕರಿಸಬಹುದು. ಅದು ದಾಟಿದರೆ 30 ದಿನ ದುಬಾರಿ ಶುಲ್ಕ ಕೊಟ್ಟು ಬಿಡಿಸಿಕೊಳ್ಳಬಹುದು. ಆಮೇಲೆ 5 ದಿನಕ್ಕೆ ಅಳಿದು, ಯಾರಿಗೆ ಬೇಕಾದರೂ ಸಿಗುತ್ತದೆ. ಹಾಗೆ ಬಿದ್ದ ಹೆಸರುಗಳನ್ನು ಹಿಡಿಯುವುದೇ ಕೆಲವರ ದಂಧೆ. ಅದೇ ನೋಂದಾಯಿತ ಟ್ರೇಡ್‌ಮಾರ್ಕ್ ಇದ್ದರೆ ಹೋರಾಡಬಹುದು. ಅದೂ ಇಲ್ಲ, ಮೊದಲು ಬಳಸಿದ್ದಕ್ಕೆ ದಾಖಲೆಯೂ ಇಲ್ಲ ಎಂದರೆ ಕೈಯಲ್ಲಿ ಏನೂ ಉಳಿಯದು.

ಇವತ್ತೇ ನಿಮ್ಮ ರಿಜಿಸ್ಟ್ರಾರ್ ಖಾತೆ ತೆರೆದು ನೋಡಿ. ನೋಂದಣಿದಾರರ ಜಾಗದಲ್ಲಿ ನಿಮ್ಮದೇ ಹೆಸರಿದೆಯೇ, ಈಮೇಲ್ ಮತ್ತು ಫೋನ್ ಈಗಲೂ ಚಾಲ್ತಿಯಲ್ಲಿವೆಯೇ, ಆಟೋ ರಿನ್ಯೂವಲ್ ಆನ್ ಆಗಿದೆಯೇ, ವರ್ಗಾವಣೆ ಲಾಕ್ ಹಾಕಿದೆಯೇ. ನಾಲ್ಕರಲ್ಲಿ ಒಂದಕ್ಕಾದರೂ ಉತ್ತರ ಇಲ್ಲ ಎಂದು ಬಂದರೆ, ಈ ವಾರವೇ ಸರಿಪಡಿಸಿಕೊಳ್ಳಿ.